ಶೋಭಕ್ಕ ಬಂದರೆ ಸೇಬು ಮಾಯ

ಬೆಳಿಗ್ಗೆ ತಾನು ಏನು ತಿಂದೆ ಎಂಬುದನ್ನು ಶೋಭಕ್ಕ ಯಾರೂ ಕೇಳದೆಯೇ ಹೇಳುತ್ತಿದ್ದಳು. ಬಸ್ಸಿನ ಕಂಡಕ್ಟರನಿಗೂ ಹೇಳುತ್ತಿದ್ದಳು. "ನಿನ್ನಿದು ಚಪಾತಿ ಉಳದಿತ್ತ ನೋಡ್ರಿ. ಚಾದಾಗ ಅದ್ದಿಕೊಂಡ ತಿಂದ ಬಂದೇನಿ." ಅವನು ಚಿಲ್ಲರೆ ಕೊಡುತ್ತ ತನ್ನದನ್ನೂ ಹೇಳಿಬಿಡುತ್ತಿದ್ದ. ಪಕ್ಕದಲ್ಲಿ ಕುಳಿತ ನಾನು ಕಿಟಕಿಯ ಕಡೆ ಮುಖ ಮಾಡುತ್ತಿದ್ದೆ.

ಆಗ ನಾನು ಕೊಲ್ಹಾಪುರದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಇಚಲಕರಂಜಿಯ ಶಾಲೆಯೊಂದರಲ್ಲಿ ಒಂಬತ್ತನೇ ಇಯತ್ತೆಯ ಹುಡುಗಿಯರು ಹಿಂದಿನ ದಿನ ತಿಂದದ್ದನ್ನು ಕಂಪ್ಯೂಟರಿನಲ್ಲಿ ಚಿತ್ರ ಒತ್ತಿ ತಾವೇ ದಾಖಲಿಸಬೇಕಿತ್ತು. ಎದುರಿಗೆ ಕೇಳುವವರಿಲ್ಲದಿದ್ದರೆ ನಾಚಿಕೆ ಇರುವುದಿಲ್ಲ, ನಿಜ ಬರುತ್ತದೆ ಎಂದು ನಾನು ನಂಬಿದ್ದೆ. ಎದುರಿಗೆ ಯಾರಾದರೂ ಕೇಳಿದರೆ ಇದ್ದದ್ದನ್ನು ಮುಚ್ಚಿಡುವುದು ನನ್ನದೇ ಸ್ವಭಾವ. ಚಿತ್ರಗಳಿಗಾಗಿ ನಮ್ಮ ಮನೆಯ ಬಟ್ಟಲು, ತಾಟುಗಳನ್ನೆಲ್ಲ ತಿಂಗಳುಗಟ್ಟಲೆ ಫೋಟೊ ತೆಗೆದಿದ್ದೆ. ಉತ್ತೂರಿನ ಶೋಭಕ್ಕ ನನ್ನ ಸಹಾಯಕಿಯಾಗಿ ಬಂದದ್ದು ಕಂಪ್ಯೂಟರ್ ಹಚ್ಚಿಕೊಡಲು, ಅಷ್ಟೇ.

ಮೊದಲ ದಿನ ಎಲ್ಲರೂ ಹಾಲು, ಮೊಟ್ಟೆ, ಸೇಬು ಒತ್ತಿದರು. ಶೋಭಕ್ಕ ಒಬ್ಬ ಹುಡುಗಿಯ ಹಿಂದೆ ನಿಂತು ಕೇಳಿದಳು: "ಸೇಬು ಭಾಳ ಸೇರತೈತೇನ ನಿನಗ?"

"ಇಲ್ಲಕ್ಕಾ. ಚಿತ್ರ ಚಲೋ ಐತಿ."

"ನಂದಂತೂ ಇವತ್ತ ತಂಗಳ ಚಪಾತಿ, ಚಾ. ಸಕ್ಕರಿನೂ ಕಡಿಮಿ ಬಿದ್ದಿತ್ತ."

ಹುಡುಗಿ ನಕ್ಕಳು. "ನಮ್ಮನ್ಯಾಗೂ ಅದ. ಅಪ್ಪಾ ಮಗ್ಗದ ಪಾಳಿ ಮುಗಿಸಿ ಬರೂತನಕಾ ಒಲಿ ಹಚ್ಚಂಗಿಲ್ಲ." ಎನ್ನುತ್ತಲೇ ಸೇಬನ್ನು ಅಳಿಸಿದಳು. ಪಕ್ಕದವಳೂ ಅಳಿಸಿದಳು. ಗಂಟೆ ಬಾರಿಸುವುದರೊಳಗೆ ಇಡೀ ಕೋಣೆಯಲ್ಲಿ ಎರಡೇ ಸೇಬು ಉಳಿದಿದ್ದವು.

ನಾನು ಸಂತೋಷಪಡಬೇಕಿತ್ತು. ಆದರೆ ಆ ಹುಡುಗಿಯರು ಅವಳ ಹತ್ತಿರದ ಕುರ್ಚಿಗಾಗಿ ಜಗಳಾಡುವುದು, ನಾನು ಹೋದ ಕೂಡಲೇ "ಮ್ಯಾಡಮ್ ಬಂದ್ರು ಲೇ" ಎಂದು ಸುಮ್ಮನಾಗುವುದು ನನಗೆ ಸಹಿಸಲು ಆಗಲಿಲ್ಲ. ವಾರದ ಕೊನೆಗೆ ನನ್ನ ಮಾರ್ಗದರ್ಶಕರಿಗೆ ಹೇಳಿದೆ: ಸಹಾಯಕಿ ಮಕ್ಕಳಿಗೆ ಉತ್ತರ ಸೂಚಿಸುತ್ತಾಳೆ, ದಾಖಲೆ ಕೆಡುತ್ತದೆ. ಸಂಶೋಧನೆಯ ನಿಯಮದ ಪ್ರಕಾರ ಅದು ಸರಿಯಾದ ಆಕ್ಷೇಪವೇ. ನಾನು ಹೇಳಿದ್ದು ಮಾತ್ರ ನಿಯಮಕ್ಕಾಗಿ ಅಲ್ಲ.

ಅವಳನ್ನು ಕೆಲಸದಿಂದ ಬಿಡಿಸಿದರು.

"ನಾ ಏನರ ತಪ್ಪ ಮಾಡಿದ್ನೇನ್ರಿ ಮ್ಯಾಡಮ್?"

"ಪದ್ಧತಿ ಹಂಗೈತಿ ಶೋಭಕ್ಕ."

"ಪದ್ಧತಿ ಇದ್ರ ಆತ ಬಿಡ್ರಿ." ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೋದಳು. ಮರುವಾರ ಸೇಬುಗಳು ತಿರುಗಿ ಬಂದವು. ನನ್ನ ಪ್ರಬಂಧದಲ್ಲಿ ಅವು ಈಗಲೂ ಇವೆ.

ಎರಡು ವರ್ಷದ ಮೇಲೆ ಗಡಹಿಂಗ್ಲಜದ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಈಗ ತನ್ನ ಊರಿನಲ್ಲಿಯೇ ಒಂದು ಅಂಗನವಾಡಿಯಲ್ಲಿದ್ದಳು. "ಮಕ್ಕಳು ಬಿಡವಲ್ಲವ್ರಿ ನನ್ನ" ಎಂದಳು. ಅದಕ್ಕೂ ನನ್ನ ಹೊಟ್ಟೆ ಉರಿಯಿತು.

"ನಾಷ್ಟಾ ಏನ ಮಾಡಿದ್ರಿ, ಮ್ಯಾಡಮ್?"

"ಪೋಹೆ ತಿಂದ ಬಂದೇನಿ" ಎಂದೆ. ಬೆಳಗಿನಿಂದ ನಾನು ಏನೂ ತಿಂದಿರಲಿಲ್ಲ.

ಅವಳು ನನ್ನ ಮುಖ ನೋಡಿದಳು. ಚೀಲದಿಂದ ಸುತ್ತಿದ ಚಪಾತಿ ತೆಗೆದು ಅರ್ಧ ಮುರಿದಳು. "ನಾ ಇನ್ನಾ ತಿಂದಿಲ್ರಿ. ಒಬ್ಬಾಕಿನ ತಿನ್ನಾಕ ಬ್ಯಾಸರ" ಎಂದು ಅರ್ಧ ನನ್ನ ಕೈಯಲ್ಲಿಟ್ಟಳು. ಅಷ್ಟರಲ್ಲಿ ಉತ್ತೂರಿನ ಬಸ್ಸು ಬಂತು. ಹತ್ತಿದ ಮೇಲೆ ಅವಳು ಕಂಡಕ್ಟರನಿಗೆ ಏನೋ ಹೇಳುತ್ತಿದ್ದುದು ಕಿಟಕಿಯಲ್ಲಿ ಕಾಣಿಸಿತು, ಅವನು ನಗುತ್ತಿದ್ದ.

ಆಮೇಲೆ ನಾವು ಭೇಟಿಯಾಗಿಲ್ಲ. ಆ ಅರ್ಧ ಚಪಾತಿಯನ್ನು ನಾನು ನಿಂತಲ್ಲೇ ತಿಂದೆ. ಇದನ್ನು ಈವರೆಗೆ ಎಲ್ಲಿಯೂ ದಾಖಲಿಸಿರಲಿಲ್ಲ.