ಬೆಣ್ಣೆ ಸಾಹೇಬರ ಕಡಲ ಹೂವು

ರಟ್ಟಿನ ಪೆಟ್ಟಿಗೆ ಮಾಡುವ ಆ ಕಾರ್ಖಾನೆಯ ಸೂಪರ್‌ವೈಸರನ್ನು ಎಲ್ಲರೂ ಬೆಣ್ಣೆ ಸಾಹೇಬರೆಂದೇ ಕರೆಯುತ್ತಿದ್ದರು. ದನಿ ಏರಿಸಿದವರಲ್ಲ, ಬೈದವರಲ್ಲ. ಒಬ್ಬನನ್ನು ಕೆಲಸದಿಂದ ತೆಗೆಯುವಾಗಲೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತೆಗೆಯುತ್ತಿದ್ದರು. ತಾನು ಬೀದಿಗೆ ಬಿದ್ದೆ ಎಂಬುದು ಅವನಿಗೆ ಮನೆ ಮುಟ್ಟಿದ ಮೇಲೆಯೇ ಹೊಳೆಯಬೇಕು.

ಇಂಥವರ ಜೀವವೆಲ್ಲ ಇದ್ದದ್ದು ಮನೆಯ ಹಜಾರದಲ್ಲಿಟ್ಟ ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ. ಮೀನುಗಳು ನೆಪಕ್ಕೆ, ಆಸೆಯೆಲ್ಲ ಕಡಲ ಹೂವಿನ ಮೇಲೆ. ಹೆಸರಿಗಷ್ಟೇ ಹೂವು, ಅದೊಂದು ಪ್ರಾಣಿ. ಬಂಡೆಗೆ ಅಂಟಿಕೊಂಡು ಬೆರಳಿನಂಥ ಎಸಳುಗಳನ್ನು ಆಡಿಸುತ್ತಿರುತ್ತದೆ, ಮನಸ್ಸು ಬಂದರೆ ಬುಡ ಬಿಡಿಸಿಕೊಂಡು ತೆವಳುತ್ತ ಹೊರಡುತ್ತದೆ. ಅವರ ಮೊದಲನೆಯ ಹೂವು ಹೀಗೆ ಹೊರಟು ಪಂಪಿನ ಬಾಯಿಗೆ ಸಿಕ್ಕಿ ಚೂರುಚೂರಾಯಿತು. ಅದರ ನಂಜಿಗೆ ಮೀನುಗಳೂ ಹೊಟ್ಟೆ ಮೇಲಾಗಿ ತೇಲಿದವು. ಸಾಹೇಬರು ಅತ್ತರು, ಊಟ ಬಿಟ್ಟರು. ಹೆತ್ತ ತಂದೆ ಸತ್ತಾಗ ಅರ್ಧ ದಿನಕ್ಕೇ ಕಾರ್ಖಾನೆಗೆ ಮರಳಿದ್ದವರು ಅವತ್ತು ಪೂರ್ತಿ ರಜೆ ಹಾಕಿದರು.

ಎರಡನೆಯದನ್ನು ತಂದಾಗ ಕಣ್ಣಲ್ಲಿ ಕಣ್ಣಿಟ್ಟು ಕಾದರು. ನೀರು ಬಿಸಿ ಮಾಡುವ ಹೀಟರಿಗೆ ಹೂವು ತಾಗಿ ಸುಡಬಾರದೆಂದು ತೂತಿನ ಪ್ಲಾಸ್ಟಿಕ್ ಕೊಳವೆ ತೊಡಿಸಿದರು. ನೀರು ಹೊರಹೋಗುವ ಕಡೆ ಬಲೆ ಕಟ್ಟಿದರು. ಪಂಪಿನ ಬಾಯಿಗೆ ಸ್ಪಂಜು ಸುತ್ತಿದರು, ಅದು ಮಾತ್ರ ನಿಲ್ಲದೆ ಜಾರುತ್ತಿತ್ತು. ತಟ್ಟೆ ತೊಳೆಯದ ಕೈ ವಾರವಾರ ಸ್ಪಂಜು ತೊಳೆಯುವುದನ್ನು ಕಂಡು ಹೆಂಡತಿ, ಮುಂದಿನ ಜನ್ಮದಲ್ಲಾದರೂ ತಾನು ಈ ತೊಟ್ಟಿಯಲ್ಲೇ ಹುಟ್ಟಬೇಕು ಎಂದಳು.

ಜಾರದ ಹಾಗೆ ಹೊಲಿದುಕೊಟ್ಟವಳು ಅವರ ತಂಗಿ. ಗಂಡ ತೀರಿಕೊಂಡ ಮೇಲೆ ಅವಳನ್ನು ತಮ್ಮದೇ ಕಾರ್ಖಾನೆಗೆ ಸೇರಿಸಿದ್ದರು, ಸೇರಿಸಿದ್ದನ್ನು ಆಗಾಗ ನೆನಪಿಸುತ್ತಲೂ ಇದ್ದರು. ಅವಳದ್ದು ರಟ್ಟು ಕತ್ತರಿಸುವ ಪ್ರೆಸ್ಸು. ಮುಂದಿನ ಕಬ್ಬಿಣದ ಜಾಲರಿ ಇಳಿದರೆ ಮಾತ್ರ ಮೇಲಿನ ಅಚ್ಚು ಬೀಳಬೇಕು, ಕೈ ಹೊರಗಿರಬೇಕು. ಯಂತ್ರ ಮಾಡಿದವರ ಲೆಕ್ಕ ಅದು. ಸಾಹೇಬರ ಲೆಕ್ಕ ಬೇರೆ. ಒಂದೊಂದು ಹಾಳೆಗೂ ಜಾಲರಿ ಏರಿಸಿ ಇಳಿಸಿದರೆ ಲಾರಿ ತುಂಬುವುದು ಯಾವಾಗ? ಜಾಲರಿಯನ್ನು ತಂತಿಯಿಂದ ಮೇಲೆ ಬಿಗಿಸಿ, ಜಾಲರಿ ಇಳಿದಾಗ ಮಾತ್ರ ಒತ್ತಿಕೊಳ್ಳಬೇಕಾದ ಗುಂಡಿಯನ್ನು ಮೊದಲೇ ಒತ್ತಿಟ್ಟು ಟೇಪು ಸುತ್ತುವುದು ಅಲ್ಲಿನ ರೂಢಿ. ರೂಢಿ ಮಾಡಿದವರೂ ಅವರೇ.

ಹೊಲಿದ ಸ್ಪಂಜಿನ ಚೀಲವನ್ನು ತಂಗಿ ಪಂಪಿಗೆ ತೊಡಿಸಿದಳು. ಹೂವು ಅದರ ಪಕ್ಕಕ್ಕೇ ತೆವಳಿ ಬಂದು, ಸುಮ್ಮನೆ ಸವರಿಕೊಂಡು ಹೋಯಿತು. ಸಾಹೇಬರ ಕಣ್ಣು ತುಂಬಿತು. ಇದೇ ಸಮಯವೆಂದು ಅವಳು ಬಾಯಿ ಬಿಟ್ಟಳು.

"ಅಣ್ಣಾ, ನನ್ನ ಪ್ರೆಸ್ಸಿನ ಜಾಲರಿನೂ ಇಳಿಸಿಬಿಡೋ. ಸಂಜೆ ಹೊತ್ತಿಗೆ ಕೈ ಸೋತಿರುತ್ತೆ, ಭಯ ಆಗುತ್ತೆ."

"ಅದಕ್ಕೆ ಕಣ್ಣಿಲ್ಲ ಕಣಮ್ಮ, ಅದಕ್ಕೇ ಇಷ್ಟೆಲ್ಲ," ಎಂದರು ಸಾಹೇಬರು, ತೊಟ್ಟಿಯಿಂದ ದೃಷ್ಟಿ ತೆಗೆಯದೆ. "ನಿಂಗೆ ಎರಡೆರಡು ಇದೆಯಲ್ಲ."

ತಂಗಿಯೊಬ್ಬಳಿಗೆ ಇಳಿಸಿದರೆ ಉಳಿದವರು ಸುಮ್ಮನಿರುತ್ತಾರೆಯೇ ಎಂದೂ ಕೇಳಿದರು. ನ್ಯಾಯವಂತರಲ್ಲವೇ!

ಹೆಚ್ಚು ದಿನ ಹಿಡಿಯಲಿಲ್ಲ. ಓರೆಯಾದ ಹಾಳೆಯನ್ನು ಸರಿಮಾಡಲು ಹೋದ ಅವಳ ಬಲಗೈಯ ಮೇಲೆ ಅಚ್ಚು ಬಿತ್ತು. ಹೆಬ್ಬೆರಳು ಉಳಿಯಿತು, ಮಿಕ್ಕವು ಹೋದವು. ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ಸಾಹೇಬರು, ಜಾಲರಿ ಕಟ್ಟಿಕೊಂಡದ್ದು ಅವಳೇ, ಎಷ್ಟು ಹೇಳಿದರೂ ಕೇಳುವವಳಲ್ಲ ಎಂದರು. ಅದಕ್ಕೂ ಮೊದಲೇ ಆಸ್ಪತ್ರೆಗೆ ಹೋಗಿ, ಹಣ್ಣು ಸುಲಿದು ತಂಗಿಯ ಬಾಯಿಗಿಟ್ಟು, ಅವಳ ಜಾಗಕ್ಕೆ ಅವಳ ಮಗಳನ್ನೇ ತೆಗೆದುಕೊಳ್ಳಲು ಮಾಲೀಕರನ್ನು ಒಪ್ಪಿಸಿರುವುದಾಗಿ ಹೇಳಿ ಬಂದಿದ್ದರು. ಅನ್ನ ಕೊಡುವವರ ಮೇಲೆ ಬಾಯಿ ಮಾಡುವುದು ಹೇಗೆ? ಅಧಿಕಾರಿ ಕೇಳಿದಾಗ ತಂಗಿ ಹೌದೆಂದು ತಲೆಯಾಡಿಸಿದಳು.

ವಿಚಾರಣೆ ಮುಗಿದು ಹೊರಡುವಾಗ ಅವಳು ಉಳಿದ ಕೈಯಿಂದ ಅಣ್ಣನ ತೋಳು ಹಿಡಿದಳು.

"ಅವಳಿಗಾದ್ರೂ ಇಳಿಸು. ಇನ್ನೇನೂ ಕೇಳಲ್ಲ."

ಇಳಿಸುತ್ತೇನೆಂದು ಸಾಹೇಬರು ತೊಟ್ಟಿಯ ಮೇಲೆ ಆಣೆಯಿಟ್ಟರು. ಮಕ್ಕಳಿಲ್ಲದ ಅವರಿಗೆ ಅದಕ್ಕಿಂತ ದೊಡ್ಡ ಆಣೆ ಇರಲಿಲ್ಲ.

ಆಣೆ ಸುಳ್ಳಲ್ಲ. ಸೋದರ ಸೊಸೆ ಕೆಲಸಕ್ಕೆ ಬಂದ ಬೆಳಿಗ್ಗೆ ಅವರು ತಾವೇ ಸ್ಟೂಲು ಹಾಕಿಕೊಂಡು ಹತ್ತಿ, ಇಕ್ಕುಳದಲ್ಲಿ ತಂತಿಯ ಗಂಟು ಹಿಡಿದರು. ಹುಡುಗಿ ಕತ್ತೆತ್ತಿ ನೋಡುತ್ತಿದ್ದಳು. ಅಷ್ಟರಲ್ಲಿ ಹೊರಗೆ ಲಾರಿ ಹಾರ್ನ್ ಹೊಡೆಯಿತು, ಮಾಲೀಕರು ಬಾಗಿಲಲ್ಲಿ ಬಂದು ನಿಂತು ಕೈಗಡಿಯಾರ ನೋಡಿಕೊಂಡರು. ಬೈಯಲಿಲ್ಲ, ಬರಿದೇ ನೋಡಿಕೊಂಡರು. ಸಾಹೇಬರು ಇಕ್ಕುಳ ಜೇಬಿಗಿಟ್ಟು ಕೆಳಗಿಳಿದರು.

"ಈ ಲೋಡ್ ಒಂದು ಹೋಗ್ಲಿ ಪುಟ್ಟಾ, ಆಮೇಲೆ ಬಿಚ್ಚೋಣ," ಎಂದು ಅವಳ ತಲೆ ನೇವರಿಸಿದರು.

"ಸರಿ ಮಾವ," ಎಂದಳು ಅವಳು.

ಅಚ್ಚು ಮೇಲೆದ್ದಿತು. ಹುಡುಗಿಯ ಕೈ ಒಳಗೆ ಹೋಯಿತು, ಹೊರಗೆ ಬಂತು, ಮತ್ತೆ ಒಳಗೆ ಹೋಯಿತು. ಇನ್ನೂ ಸ್ವಲ್ಪ ಬೇಗ, ಎಂದರು ಸಾಹೇಬರು, ಮೆತ್ತಗೆ.