ಸರಿದ ನಕ್ಷತ್ರ, ತಪ್ಪಿದ ಲೆಕ್ಕ

ಕಳೆದ ತಿಂಗಳ ಒಂದು ಶುಕ್ರವಾರ ನನ್ನ ಒಂದೇ ಪ್ರಶ್ನೆಯಿಂದ ತಂಗಿಯ ಮಗಳ ಮೂರು ತಿಂಗಳ ಕೆಲಸ ಹಾಳಾಯಿತು.

ಸುಮಯ್ಯಾ ಮೂಡುಬಿದಿರೆಯಲ್ಲಿ ಫಿಸಿಕ್ಸ್ ಎಂ.ಎಸ್ಸಿ. ಓದುತ್ತಿದ್ದಾಳೆ. ಜುಮಾ ನಮಾಜು ಮುಗಿಸಿ ನರಿಕೊಂಬಿನ ತಂಗಿಯ ಮನೆಗೆ ಊಟಕ್ಕೆ ಹೋಗಿದ್ದೆ. ಊಟವಾದ ಮೇಲೆ ಅವಳು ಲ್ಯಾಪ್‌ಟಾಪಿನಲ್ಲಿ ಎರಡು ಫೋಟೋ ತೋರಿಸಿದಳು. ಒಂದೇ ನೀಹಾರಿಕೆ, ಹತ್ತು ವರ್ಷದ ಅಂತರದಲ್ಲಿ ತೆಗೆದದ್ದು. ಅದರೊಳಗಿನ ಎಳೆಯ ನಕ್ಷತ್ರವೊಂದು ಎರಡು ಬದಿಗೂ ಅನಿಲ ಚಿಮ್ಮಿಸುತ್ತದಂತೆ. ಆ ಅನಿಲದ ಗಂಟುಗಳು ಹತ್ತು ವರ್ಷದಲ್ಲಿ ಎಷ್ಟು ಸರಿದಿವೆ ಎಂದು ಅಳೆದು ವೇಗ ಲೆಕ್ಕ ಹಾಕುವುದು ಅವಳ ಪ್ರಾಜೆಕ್ಟ್.

(ನನಗೆ ಎರಡು ಫೋಟೋಗಳೂ ಒಂದೇ ಥರ ಕಂಡವು. ಹೇಳಲಿಲ್ಲ.)

ನಾನು ಬೆಳ್ತಂಗಡಿಯಲ್ಲಿ ಮೂವತ್ತು ವರ್ಷ ಜಾಗ ಅಳೆದವನು. ನಮ್ಮ ಅಳತೆ ಶುರುವಾಗುವುದೇ ಅಲುಗದ ಗಡಿಕಲ್ಲಿನಿಂದ. ಸರ್ವೆಯವರ ಬಾಯಿಗೆ ಮೊದಲು ಬರುವ ಮಾತೇ ಬಂತು.

"ಯಾವ ಕಲ್ಲಿನಿಂದ ಅಳೆದದ್ದು?"

"ಅಲ್ಲಿ ಕಲ್ಲು ಎಲ್ಲಿಂದ ಮಾಮ? ಸುತ್ತಲಿನ ಬೇರೆ ನಕ್ಷತ್ರಗಳನ್ನು ಹೊಂದಿಸಿ ಒಂದು ಫೋಟೋದ ಮೇಲೆ ಇನ್ನೊಂದನ್ನು ಕೂರಿಸ್ತೇವೆ. ಅವು ಇದ್ದಲ್ಲೇ ಇರ್ತವೆ."

"ಇದ್ದಲ್ಲೇ ಉಂಟಾ ಅಂತ ನೋಡಿದ್ದೀಯಾ?"

ಅವಳು ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು. ಏನೇನೋ ಟೈಪ್ ಮಾಡಿದಳು. ಚಾ ತಣ್ಣಗಾಯಿತು. ಅರ್ಧ ಗಂಟೆಯ ಮೇಲೆ ತಲೆ ಎತ್ತಿದಳು. ತಾನು ನಂಬಿದ ನಾಲ್ಕು ನಕ್ಷತ್ರಗಳಲ್ಲಿ ಎರಡು ನಮಗೆ ಹತ್ತಿರದವು, ಹತ್ತಿರದವು ಸರಿದದ್ದು ಎದ್ದು ಕಾಣುತ್ತದೆ, ಅವೇ ಸರಿದಿವೆ ಎಂದಳು. ಅಂದರೆ ವೇಗದ ಲೆಕ್ಕ ಪೂರ್ತಿ ತಪ್ಪು. ಅದೇ ಲೆಕ್ಕವನ್ನು ಒಂದು ಸೆಮಿನಾರಿಗೆ ಕಳಿಸಿಯಾಗಿತ್ತು, ಆಯ್ಕೆಯೂ ಆಗಿತ್ತು.

ನನಗೆ ಒಳಗೊಳಗೇ ಕಸಿವಿಸಿ. "ಬಿಡು ಮಗಳೇ, ಯಾರಿಗೆ ಗೊತ್ತಾಗ್ತದೆ?" ಎಂದೆ. (ಜಾಗ ಅಳೆಯುವಾಗ ಇದೇ ಮಾತು ಹೇಳಿದವರನ್ನು ಬೈದವನು ನಾನು.)

"ಇನ್ನು ಹತ್ತು ವರ್ಷ ಬಿಟ್ಟು ಯಾರಾದರೂ ಮೂರನೇ ಫೋಟೋ ತೆಗೆದ್ರೆ ಗೊತ್ತಾಗ್ತದೆ ಮಾಮ."

ಅಲ್ಲೇ ಕೂತು ಗೈಡ್ ಮೇಡಂಗೆ ಫೋನ್ ಮಾಡಿದಳು. ತಪ್ಪಾದದ್ದನ್ನು ಸುತ್ತಿಬಳಸದೆ ಹೇಳಿದಳು. "ಸೆಮಿನಾರಿನಿಂದ ವಾಪಸ್ ತೆಗೆಯುವ. ದೂರದ ನಕ್ಷತ್ರ ಇಟ್ಟು ಮತ್ತೆ ಅಳೆಯುವ" ಎಂದರಂತೆ ಮೇಡಂ. ಅಷ್ಟೇ. ಫೋನ್ ಇಟ್ಟವಳು ಅಮ್ಮನ ಹೆಗಲಿಗೆ ಒರಗಿ ಅತ್ತಳು. ನಾನು ಚಪ್ಪಲಿ ಹುಡುಕಿದೆ.

ಮೊನ್ನೆ ಅವಳೇ ಕರೆ ಮಾಡಿದ್ದಳು. ಹೊಸ ಲೆಕ್ಕ ಸಿಕ್ಕಿದೆ. ಅನಿಲದ ವೇಗ ಮೊದಲು ಹೇಳಿದಷ್ಟಿಲ್ಲ. ಸೆಮಿನಾರ್ ತಪ್ಪಿಹೋಯಿತು. ರಿಪೋರ್ಟಿನಲ್ಲಿ ತನ್ನ ತಪ್ಪು ಎಲ್ಲಿ, ಹೇಗಾಯಿತು ಎಂದು ಒಂದು ಪುಟ ಸೇರಿಸಿದ್ದಾಳಂತೆ. ಯಾರೂ ಕೇಳಿರಲಿಲ್ಲ.

ಅಂಥ ಪುಟ ನನ್ನ ಸರ್ವೀಸಿನ ಕಡತಗಳಲ್ಲಿ ಎಷ್ಟಿವೆ ಎಂದು ಮಾತ್ರ ನೀವು ಕೇಳಬೇಡಿ.