ಗೋಡೆಯಾಚೆಯ ಉರಿ

ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಬೆಳಗಿನ ಹೊತ್ತು ಹೆಂಚಿನ ಸಂದುಗಳಿಂದ ಹೊಗೆ ಏಳುತ್ತಿತ್ತು. ಹೊಳೆಯ ಕಡೆಯಿಂದ ಬಂದ ಮಂಜು ಯಾವುದು, ಒಲೆಯ ಹೊಗೆ ಯಾವುದು ಎಂದು ತಿಳಿಯುತ್ತಿರಲಿಲ್ಲ. ಕಾಲೇಜಿನ ಬಸ್ಸು ಹತ್ತಿದ ಮೇಲೂ ನನ್ನ ಜಡೆಯಲ್ಲಿ ಆ ವಾಸನೆ ಉಳಿದಿರುತ್ತಿತ್ತು.

ಅಪ್ಪ, ದೊಡ್ಡಪ್ಪ ಭಾಗವಾಗಿ ಮನೆಯ ನಡುವೆ ಗೋಡೆ ಎದ್ದಿತ್ತು. ಹಿತ್ತಿಲ ಗಡಿಯಲ್ಲಿದ್ದ ಹೊಂಗೆಮರದ ಸೌದೆ ಯಾರಿಗೆ ಸೇರಬೇಕೆಂದು ಜಗಳವಾಗಿ ಅವ್ವನೂ ದೊಡ್ಡವ್ವನೂ ಮಾತು ಬಿಟ್ಟಿದ್ದರು. ಗಂಡಸರು ಮಾತ್ರ ಏನೂ ಆಗದವರಂತೆ ಗದ್ದೆಯ ಬದುವಿನಲ್ಲಿ ಕೂತು ಬೀಡಿ ಹಂಚಿಕೊಳ್ಳುತ್ತಿದ್ದರು.

ತೊಂಬತ್ತರ ದಶಕದ ನಡುವೆ ಊರಿಗೆ ಗೋಬರ್ ಗ್ಯಾಸ್ ಬಂತು. ಒಂದು ಮನೆಯ ದನಗಳ ಸಗಣಿ ಗುಂಡಿಗೆ ಸಾಲುತ್ತಿರಲಿಲ್ಲ. ಹಾಗಾಗಿ ಅಣ್ಣತಮ್ಮಂದಿರು ಸೇರಿ ಹಿತ್ತಿಲಲ್ಲಿ ಒಂದೇ ಗುಂಡಿ ಕಟ್ಟಿಸಿ, ಎರಡೂ ಅಡುಗೆಮನೆಗೆ ಪೈಪು ಎಳೆಸಿದರು.

“ಅವ್ಳ ಜೊತೆ ಅಂಚ್ಕೊಂಡು ನಾನು ಅಡ್ಗೆ ಮಾಡ್ಬೇಕಾ?” ಎಂದಳು ಅವ್ವ.

“ಮಾತಾಡು ಅಂದ್ನಾ? ಅಡ್ಗೆ ಮಾಡು ಅಂದೆ ಕಣೆ,” ಎಂದು ಅಪ್ಪ ನಕ್ಕ.

ಮೊದಲ ದಿನ ಕಡ್ಡಿ ಗೀರಿದಾಗ ನೀಲಿ ಉರಿ ಸದ್ದಿಲ್ಲದೆ ಅರಳಿತು. ಹೊಗೆಯಿಲ್ಲದ ಅಡುಗೆಮನೆಯಲ್ಲಿ ಅವ್ವನ ಮುಖವನ್ನು ಅಂದೇ ಸರಿಯಾಗಿ ಕಂಡೆನೇನೋ ಅನಿಸಿತು.

ಆಚೆ ಒಲೆ ಹೊತ್ತಿಸಿದರೆ ನಮ್ಮ ಉರಿ ಕುಗ್ಗುತ್ತಿತ್ತು. ಮೊದಮೊದಲು ಅವ್ವ ಸಿಡುಕಿದಳು. ಬರಬರುತ್ತಾ ಉರಿ ನೋಡಿಯೇ ಆಚೆ ಮನೆಯ ಸುದ್ದಿ ಹೇಳತೊಡಗಿದಳು. “ಎಸರಿಟ್ಟವ್ಳೆ,” ಎನ್ನುವಳು. “ಇನ್ನೂ ಬೇಯಿಸ್ತಾನೇ ಅವ್ಳೆ, ನೆಂಟ್ರು ಬಂದವ್ರೇನೋ.” ದೊಡ್ಡವ್ವನ ಮುದ್ದೆ ಇಳಿಯುವ ತನಕ ಕಾದು ತನ್ನ ಸಾರಿಗೆ ಇಡುವುದು ಹೇಗೋ ರೂಢಿಯಾಯಿತು.

ಗಂಡಸರಿಬ್ಬರೂ ಚನ್ನರಾಯಪಟ್ಟಣಕ್ಕೆ ಹೋಗಿದ್ದ ಒಂದು ಬೆಳಿಗ್ಗೆ ನಮ್ಮ ಉರಿ ಒಮ್ಮೆಯೂ ಕುಗ್ಗದೆ ಒಂದೇ ಸಮ ನೆಟ್ಟಗೆ ಉರಿಯುತ್ತಿತ್ತು. ಅವ್ವ ಅದನ್ನೇ ದಿಟ್ಟಿಸುತ್ತಾ ಕೂತಳು.

“ಅಕ್ಕ ಒಲೆ ಅಚ್ಚಿಲ್ವಲ್ಲೇ,” ಎಂದವಳೇ ಎದ್ದು ಹಿತ್ತಿಲಿನಿಂದ ಆಚೆ ಮನೆಗೆ ನಡೆದಳು. ನಾನೂ ಹಿಂದೆ ಓಡಿದೆ. ದೊಡ್ಡವ್ವ ಕಂಬಳಿಯೊಳಗೆ ಜ್ವರದಿಂದ ನಡುಗುತ್ತಿದ್ದಳು.

“ಒಂದ್ ಕೂಗು ಕೂಗ್ಬಾರ್ದಾ ಅಕ್ಕ?”

“ಕೂಗಿದ್ರೆ ಬತ್ತಿದ್ಯಾ?”

“ಕೂಗ್ದೇನೇ ಬಂದಿವ್ನಿ, ಸುಮ್ಕಿರು.”

ಒಲೆಯ ಮೇಲಿಟ್ಟಿದ್ದ ಹಾಲು ಉಕ್ಕೀತೆಂದು ನಾನು ಮನೆಗೆ ಮರಳಿದೆ. ನೋಡುತ್ತಿದ್ದಂತೆ ನಮ್ಮ ಒಲೆಯ ಉರಿ ಮೆಲ್ಲಗೆ ತಗ್ಗಿತು. ಆಚೆ ಅವ್ವ ಗಂಜಿಗೆ ಇಟ್ಟಿದ್ದಳು. ಆ ಪುಟ್ಟ ಉರಿಯ ಮುಂದೆ ಎಷ್ಟು ಹೊತ್ತು ಕೂತಿದ್ದೆನೋ, ಕಾಲೇಜಿನ ಬಸ್ಸು ಹೋಗಿಯೇಬಿಟ್ಟಿತ್ತು.

ದೊಡ್ಡವ್ವ ಎದ್ದು ಓಡಾಡುವಂತಾದ ಮೇಲೆ ಇಬ್ಬರೂ ಒಟ್ಟಿಗೇ ಸಗಣಿ ಕದಡತೊಡಗಿದರು. ನೀರು ಹೆಚ್ಚಾಯಿತು, ಕಮ್ಮಿಯಾಯಿತು ಎಂದು ವಾದ ಮಾಡುವರು, ನಗುವರು. ಅವರನ್ನು ನೋಡಿ ಊರಿನಲ್ಲಿ ಇನ್ನೂ ಕೆಲವರು ಜೊತೆಗೂಡಿ ಗುಂಡಿ ಕಟ್ಟಿಸಿದರು.

ಆಮೇಲೆ ನಾನು ಹಾಸನದಲ್ಲಿ ಟೀಚರಾದೆ. ಗಾಳಿಗೆ ಸೇರುವ ಇಂಗಾಲ ಕಡಿಮೆ ಮಾಡಬೇಕೆಂಬ ಪಾಠ ಪುಸ್ತಕಕ್ಕೆ ಬಂದ ವರ್ಷ, ಗ್ಯಾಸ್ ಗುಂಡಿ ತೋರಿಸಲೆಂದು ಮಕ್ಕಳನ್ನು ಊರಿಗೆ ಕರೆದೊಯ್ದೆ. ಅವ್ವನ ಮನೆಯಲ್ಲಿ ಉಪ್ಪಿಟ್ಟು, ದೊಡ್ಡವ್ವನ ಮನೆಯಲ್ಲಿ ಟೀ. ಮಕ್ಕಳು ಬರೆದುಕೊಳ್ಳುವುದನ್ನು ಮರೆತು ಎಳೆಬಿಸಿಲಲ್ಲಿ ಲೋಟ ಹಿಡಿದು ಕೂತವು. ನಾನೂ ನೆನಪಿಸಲಿಲ್ಲ.